ಫ್ಲಾಪಿ ಜಾಗಕ್ಕೆ ಪೆನ್‌ಡ್ರೈವ್: ಹಳೆಯ ಎಂಬ್ರಾಯ್ಡರಿ ಮಷೀನಿಗೆ ಗೋಟೆಕ್

ತಜಿಮಾದಂಥ ಹಳೆಯ ಕಂಪ್ಯೂಟರ್ ಎಂಬ್ರಾಯ್ಡರಿ ಮಷೀನಿನ ಸೂಜಿ, ಮೋಟಾರು ಎಲ್ಲ ಗಟ್ಟಿಯಾಗಿದ್ದರೂ ಮೊದಲು ಕೈಕೊಡುವುದು ಫ್ಲಾಪಿ ಡ್ರೈವ್. ದಾರದ ನವಿರು ಧೂಳು ಒಳಸೇರಿ ಡಿಸ್ಕ್ ಓದುವ ಹೆಡ್ ಮೇಲೆ ಕೂರುತ್ತದೆ. ಅಂಥಲ್ಲಿ ಪೆನ್‌ಡ್ರೈವನ್ನೇ ಫ್ಲಾಪಿಯಂತೆ ಮಷೀನಿಗೆ ತೋರಿಸುವ ಗೋಟೆಕ್ ಎಮ್ಯುಲೇಟರ್ ಕೊಳ್ಳುವುದು ಬುದ್ಧಿವಂತಿಕೆ. 3.5 ಇಂಚಿನ ಡ್ರೈವಿನದೇ ಅಳತೆ, ಅದೇ ಸ್ಕ್ರೂ ತೂತು, 34 ಪಿನ್ನಿನ ಕೇಬಲ್, 5 ವೋಲ್ಟ್ ಸಪ್ಲೈ.

ಕೊಳ್ಳುವ ಮುನ್ನ ಹಳೆಯ ಡ್ರೈವನ್ನು ಬಿಚ್ಚಿ ನೋಡಿ. ತೆಳುವಾದ 26 ಪಿನ್ನಿನ ಪಟ್ಟಿ ಇದ್ದರೆ ಅಡಾಪ್ಟರ್ ಬೇಕು. ಮಷೀನು ಓದುವುದು 720 ಕೆಬಿ ಫ್ಲಾಪಿಯೋ 1.44 ಎಂಬಿ ಫ್ಲಾಪಿಯೋ ಎಂಬುದೂ ಮುಖ್ಯ. ಕಂಪನಿಯದೇ ಫರ್ಮ್‌ವೇರ್ (ಒಳಗಿನ ತಂತ್ರಾಂಶ) ಇರುವ ಗೋಟೆಕ್‌ನಲ್ಲಿ ಇದಕ್ಕೆ ಹೊಂದದ ಮಾದರಿ ಕೊಂಡರೆ ಡಿಸ್ಕ್ ಎರರ್ ಖಚಿತ. ಅದರ ಬದಲು ಉಚಿತವಾಗಿ ಸಿಗುವ ಫ್ಲಾಶ್‌ಫ್ಲಾಪಿ ಎಂಬ ಫರ್ಮ್‌ವೇರ್ ಹಾಕಿಕೊಂಡರೆ ಎರಡೂ ನಡೆಯುತ್ತವೆ, ಎಫ್‌ಎಟಿ32 ಪೆನ್‌ಡ್ರೈವಿಗೆ ಇಮೇಜ್ ಫೈಲುಗಳನ್ನು (ಇಡೀ ಫ್ಲಾಪಿಯ ನಕಲನ್ನು) ನೇರವಾಗಿ ಹಾಕಬಹುದು. ನಮ್ಮ ಮಟ್ಟಿಗೆ ಅದೇ ಸರಿ.

ಹಳೆಯ ಡ್ರೈವಿನ ಜಂಪರುಗಳ (ಪಿನ್ನುಗಳನ್ನು ಜೋಡಿಸುವ ಪುಟ್ಟ ತುಂಡುಗಳ) ಫೋಟೋ ತೆಗೆದಿಟ್ಟುಕೊಳ್ಳಿ. ಗೋಟೆಕ್‌ನಲ್ಲಿ ಎಸ್0, ಎಸ್1 ಎಂಬವು ಡ್ರೈವ್ ಆಯ್ಕೆಯ ಜಂಪರುಗಳು. ಒಂದರಲ್ಲಿ ಓದದಿದ್ದರೆ ಮಷೀನು ಆಫ್ ಮಾಡಿ ಇನ್ನೊಂದಕ್ಕೆ ಬದಲಿಸಿ. ಕೇಬಲ್ಲಿನ ಕೆಂಪು ಗೆರೆ ಒಂದನೇ ಪಿನ್ ಕಡೆಗೇ ಇರಲಿ.

ಗೋಟೆಕ್ ಡಿಸೈನನ್ನು ಪರಿವರ್ತಿಸುವುದಿಲ್ಲ. ಡಿಎಸ್‌ಟಿ ಎಂಬ ಡಿಸೈನ್ ಫೈಲು ಓದುವ ಮಷೀನಿಗೆ ಡಿಎಸ್‌ಟಿಯೇ ಕೊಡಬೇಕು, ಫೈಲಿನ ಹೆಸರು ಎಂಟು ಅಕ್ಷರದೊಳಗಿದ್ದರೆ ಕ್ಷೇಮ. ಓದುತ್ತಿರುವಾಗ ಪೆನ್‌ಡ್ರೈವ್ ಕೀಳಬೇಡಿ. ಎಲ್ಲಕ್ಕಿಂತ ಮೊದಲು, ಇರುವ ಫ್ಲಾಪಿಗಳನ್ನೆಲ್ಲ ಇಮೇಜ್ ಮಾಡಿಡಿ. ಮಷೀನಿನ ಸಿಸ್ಟಮ್ ಡಿಸ್ಕ್ ಹಾಳಾದರೆ ಮತ್ತೆ ಸಿಗುವುದು ಬಹಳ ಕಷ್ಟ.