ನಿಗದಿ ದರವೋ, ಮಾರ್ಕೆಟ್ ದರವೋ: ಮೆಣಸಿನಕಾಯಿ ಕರಾರಿಗೆ ಸಹಿ ಹಾಕುವ ಮುಂಚೆ

ಹಾವೇರಿ ಕಡೆಯ ಗೆಳೆಯರೊಬ್ಬರು ಕೇಳಿದರು: ಮೆಣಸಿನಕಾಯಿ ಕೊಳ್ಳುವ ಕಂಪನಿಯವರು ಎರಡು ಕರಾರು ಮುಂದಿಟ್ಟಿದ್ದಾರೆ, ಯಾವುದಕ್ಕೆ ಸಹಿ ಹಾಕಲಿ? ಒಂದರಲ್ಲಿ ಕ್ವಿಂಟಲ್‌ಗೆ ನಿಗದಿ ದರ. ಇನ್ನೊಂದರಲ್ಲಿ ಬ್ಯಾಡಗಿ ಮಾರ್ಕೆಟ್ ದರ, ಅದರ ಮೇಲೆ ಒಂದಿಷ್ಟು ಜಾಸ್ತಿ.

ದರ ಬಿದ್ದ ವರ್ಷ ನಿಗದಿ ದರವೇ ಆಸರೆ. 2024ರ ಮಾರ್ಚ್‌ನಲ್ಲಿ ದರ ಕುಸಿದು ಬ್ಯಾಡಗಿಯಲ್ಲಿ ರೈತರು ರೊಚ್ಚಿಗೆದ್ದದ್ದು ನೆನಪಿದೆ ಅಲ್ವಾ? ಆದರೆ ದರ ಏರಿದ ವರ್ಷ ಪಕ್ಕದ ಹೊಲದವರು ನೋಟು ಎಣಿಸುವಾಗ ನೀವು ಸುಮ್ನೆ ನೋಡಬೇಕು.

ಬರೆಯುವುದಕ್ಕೆ ನಿಗದಿ ದರ ಸುಲಭ, ಒಂದೇ ಅಂಕಿ. ಮಾರ್ಕೆಟ್ ದರವಾದರೆ ಯಾವ ದಿನದ್ದು, ಗರಿಷ್ಠವೋ ಸರಾಸರಿಯೋ, ಡಬ್ಬಿ ತಳಿಯದೋ ಕಡ್ಡಿ ತಳಿಯದೋ ಎಲ್ಲ ಬರೆದಿರಬೇಕು. 1872ರ ಕರಾರು ಕಾಯ್ದೆಯ 29ನೇ ಕಲಂ ಪ್ರಕಾರ, ಅರ್ಥ ಖಚಿತವಿಲ್ಲದ, ಖಚಿತ ಮಾಡಿಕೊಳ್ಳಲೂ ಆಗದ ಒಪ್ಪಂದ ನಿಲ್ಲುವುದಿಲ್ಲ. ಕಾಯ್ದೆಯಲ್ಲೇ ಉದಾಹರಣೆ ಇದೆ: ನೂರು ಟನ್ ಎಣ್ಣೆ ಎಂದಷ್ಟೇ ಬರೆದರೆ, ಯಾವ ಎಣ್ಣೆ?

ತೇವಾಂಶದ ಕಡಿತ ಎರಡರಲ್ಲೂ ಕಾಡುತ್ತದೆ. ಕಾಯಿ ಅಲ್ಲಾಡಿಸಿದಾಗ ಬೀಜ ಗಲಗಲ ಅಂದರೆ ಒಣಗಿದೆ ಅಂತ ನಮ್ಮ ಲೆಕ್ಕ, ಕಂಪನಿಯವರದು ತೇವಾಂಶ ಅಳೆಯುವ ಮೀಟರ್. ಶೇಕಡಾ ಎಷ್ಟು ಮೀರಿದರೆ ಎಷ್ಟು ಕಿಲೋ ಕಡಿತ, ತೂಕ ಎಲ್ಲಿ, ಹಣ ಎಷ್ಟು ದಿನಕ್ಕೆ, ಇದನ್ನು ಬರೆಸದೆ ದರ ನೋಡಿ ಹಿಗ್ಗಬೇಡಿ.

ಸಾಲ ಮಾಡಿ ಬೆಳೆಯುವವರು ನಿಗದಿ ದರ ಹಿಡಿಯುವುದು ಮೇಲು. ಒಂದು ವರ್ಷದ ಪೆಟ್ಟು ತಡೆಯುವ ಶಕ್ತಿ ಇದ್ದವರಿಗೆ ಮಾರ್ಕೆಟ್ ದರ. ಕನಿಷ್ಠ ದರ ಬರೆದು, ಮಾರ್ಕೆಟ್ ಏರಿದರೆ ಆ ದರ ಕೊಡುವ ಬೆರಕೆ ಕರಾರಿಗೆ ಒಪ್ಪುತ್ತಾರಾ ಎಂದೂ ಒಮ್ಮೆ ಕೇಳಿ ನೋಡಿ.