ಮಿಯಾಟಾದ ಕ್ರ್ಯಾಂಕ್ ಕೀ ತುಂಡಾದರೆ: ಹೊಸ ಕೀ, ಲಾಕ್‌ಟೈಟ್, ಲೇತ್ ಅಥವಾ ಬೇರೆ ಎಂಜಿನ್

ಸ್ಪ್ಯಾನರ್ ಹಿಡಿಯುವ ಮೊದಲು ಕ್ರ್ಯಾಂಕ್ ಪುಲ್ಲಿಯ ನಡುವಿನ ದಪ್ಪ ಭಾಗವಾದ ಬಾಸ್‌ನಲ್ಲಿರುವ ಸೀಳುಗಳನ್ನು ಎಣಿಸಿ. 1990ರ ಮತ್ತು 1991ರ ಮೊದಮೊದಲ ಮಜ್ದಾ ಮಿಯಾಟಾ 1.6 ಎಂಜಿನ್‌ಗಳಲ್ಲಿ ಅವು ನಾಲ್ಕು, ಆಮೇಲೆ ಬಂದವುಗಳಲ್ಲಿ ಎಂಟು. ನಾಲ್ಕಿದ್ದರೆ ಅದು ಗಿಡ್ಡ ಮೂತಿಯ ಕ್ರ್ಯಾಂಕ್. ಮೂತಿಯೆಂದರೆ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕಿನ ಮುಂತುದಿ; ಕೀ ಎಂದರೆ ಅಲ್ಲಿ ಕೂರುವ ಸಣ್ಣ ಲೋಹದ ತುಂಡು. ಕೀ ತುಂಡಾಗುವ ಕಾಯಿಲೆ ಹೆಚ್ಚಾಗಿ ಅದರದ್ದೇ. ಈ ಹಳೆಯ ಕಾರನ್ನು ಕೊಳ್ಳುವವರು ಬಾನೆಟ್ ಎತ್ತಿದ ಕೂಡಲೇ ಎಣಿಸಬೇಕಾದದ್ದು ಇದನ್ನೇ.

ರಿಪೇರಿಗೆ ನಾಲ್ಕು ದಾರಿಗಳಿವೆ. ನಾಲ್ಕನ್ನೂ ಮಾಡಿ ನೋಡಿದ ಮೇಲೆ ಉಳಿಯುವ ತಿಳಿವಳಿಕೆ ಒಂದೇ: ಭಾರ ಹೊರುವುದು ಕೀ ಅಲ್ಲ, ಬೋಲ್ಟು. ಕೀ ಇರುವುದು ಟೈಮಿಂಗ್ ಬೆಲ್ಟ್ ಎಳೆಯುವ ಹಲ್ಲಿನ ಗಾಲಿಯನ್ನು ಸರಿಯಾದ ಕೋನದಲ್ಲಿ ಕೂರಿಸಲು ಮಾತ್ರ. 21 ಮಿ.ಮೀ. ತಲೆಯ ನಡು ಬೋಲ್ಟು ಬಾಸನ್ನೂ ಹಲ್ಲಿನ ಗಾಲಿಯನ್ನೂ ಕ್ರ್ಯಾಂಕಿಗೆ ಒತ್ತಿ ಹಿಡಿದಿರುವವರೆಗೆ ಕೀಗೆ ಕೆಲಸವೇ ಇಲ್ಲ. ಟೈಮಿಂಗ್ ಬೆಲ್ಟ್ ಬದಲಿಸಿದವರು ಹಳೆಯ ಬೋಲ್ಟನ್ನೇ ಮತ್ತೆ ಹಾಕಿ, ಬಿಗಿತ ಅಳೆಯುವ ಟಾರ್ಕ್ ರೆಂಚ್ ಇಲ್ಲದೆ ಕೈಯಂದಾಜಿನಲ್ಲಿ ಬಿಗಿದರೆ ಆ ಒತ್ತಡ ಕಡಿಮೆಯಾಗುತ್ತದೆ. ಆಗ ಪ್ರತಿ ಸುತ್ತಿನ ಹೊಡೆತವೂ ಕೀ ಮೇಲೆ ಬೀಳುತ್ತದೆ. ಮೊದಲು ಕೀ ಜಜ್ಜುತ್ತದೆ, ಆಮೇಲೆ ಕ್ರ್ಯಾಂಕಿನ ಗಾಡಿ, ಅಂದರೆ ಕೀ ಕೂರಲು ಕೊರೆದ ತೋಡು, ಅಗಲವಾಗುತ್ತದೆ, ಕೊನೆಗೆ ಕೀ ತುಂಡಾಗುತ್ತದೆ.

ಹಾಗಾಗಿ ಬರೀ ಹೊಸ ಕೀ ಹಾಕುವ ಮೊದಲ ದಾರಿ ನೋಡಲು ಸುಲಭ, ನಂಬಲು ಕಷ್ಟ. ಖರ್ಚು ಕೀ ಮತ್ತು ಬೋಲ್ಟಿನದ್ದಷ್ಟೇ. ಆದರೆ ಗಾಡಿಯ ಎರಡೂ ಗೋಡೆಗಳು ನೇರವಾಗಿದ್ದು, ಹೊಸ ಕೀ ಬೆರಳಿಂದ ಒತ್ತಿದರೆ ಕೂರದೆ ಸಣ್ಣ ಸುತ್ತಿಗೆಯ ಮೆಲ್ಲನೆಯ ತಟ್ಟು ಕೇಳಿದರೆ ಮಾತ್ರ ಇದು ಸಾಕು. ಕೀ ಗಾಡಿಯಲ್ಲಿ ಅಲ್ಲಾಡಿದರೆ ಇದನ್ನು ರಿಪೇರಿ ಎನ್ನಲಾಗದು, ಗಡುವು ಮುಂದೂಡಿದಂತೆ. ನಮ್ಮ ಕಡೆಯ ಲೇತ್ ಅಂಗಡಿಗಳಲ್ಲಿ ಡ್ರಿಲ್ ಬಿಟ್ಟಿನ ತುಂಡನ್ನು ಉಜ್ಜಿ ಕೀ ಮಾಡಿಕೊಡುವವರಿದ್ದಾರೆ. ಅದನ್ನು ಇಲ್ಲಿ ಬೇಡವೇ ಬೇಡ. ಕೀ ಕ್ರ್ಯಾಂಕಿಗಿಂತ ಮೆದುವಾಗಿರಬೇಕು. ಗಟ್ಟಿ ಕೀ ಹಾಕಿದರೆ ಮುಂದಿನ ಸಲ ಸವೆಯುವುದು ಕ್ರ್ಯಾಂಕು.

ಎರಡನೆಯದು ಲಾಕ್‌ಟೈಟ್ 660, ಲೋಹದ ನಡುವಿನ ಸಂದು ತುಂಬುವ ಬೆಳ್ಳಿ ಬಣ್ಣದ ಪೇಸ್ಟು. ವ್ಯಾಸದ ಮೇಲೆ ಸುಮಾರು 0.5 ಮಿ.ಮೀ. ಸಂದಿನವರೆಗೆ ತುಂಬುತ್ತದೆ, 150 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುತ್ತದೆ. ಗಾಳಿಯಿಲ್ಲದ ಕಡೆ ಲೋಹ ತಾಗಿದರೇ ಅದು ಗಟ್ಟಿಯಾಗುವುದು. ಎಣ್ಣೆಯ ಪಸೆಯಿದ್ದರೆ ಹಿಡಿಯುವುದಿಲ್ಲ. ಈ ರಿಪೇರಿ ಕೆಟ್ಟಿತೆಂದು ದೂರುವವರ ಕಾರಿನ ಮುಂದಿನ ಕ್ರ್ಯಾಂಕ್ ಸೀಲ್ ನೋಡಿ, ಎಣ್ಣೆ ಜಿನುಗುತ್ತಿರುತ್ತದೆ. ಸೀಲ್ ಮೊದಲು ಬದಲಿಸಬೇಕು, ಆಮೇಲೆ ಬ್ರೇಕ್ ಕ್ಲೀನರ್‌ನಿಂದ ಮೂತಿ, ಗಾಡಿ, ಹಲ್ಲಿನ ಗಾಲಿಯ ಒಳಮೈ, ಬಾಸ್ ಎಲ್ಲವನ್ನೂ ಬಿಳಿ ಬಟ್ಟೆ ಕಪ್ಪಾಗದಷ್ಟು ಒರೆಸಬೇಕು. ಮೂತಿಯ ಮೇಲೆದ್ದ ಅಂಚುಗಳನ್ನು ಸಣ್ಣ ಅರದಿಂದ ತೆಗೆಯಿರಿ. ಅದಕ್ಕಿಂತ ಹೆಚ್ಚು ಉಜ್ಜಬೇಡಿ.

ಇಲ್ಲಿ ತಪ್ಪುವುದು ಹೆಚ್ಚಾಗಿ ಕೋನ. ಎಂಜಿನ್ ಮುಂದೆ ನಿಂತು ನೋಡಿದರೆ ಕ್ರ್ಯಾಂಕ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ, ಬೆಲ್ಟು ಗಾಲಿಯನ್ನು ಹಿಂದಕ್ಕೆ ಎಳೆಯುತ್ತದೆ. ಆದ್ದರಿಂದ ಗಾಡಿ ಸವೆಯುವುದು ಸಾಮಾನ್ಯವಾಗಿ ಹಿಂದಿನ ಗೋಡೆಯಲ್ಲಿ, ತಿರುಗುವ ದಿಕ್ಕಿನ ಮುಂಗೋಡೆ ಉಳಿದಿರುತ್ತದೆ. ಪೇಸ್ಟು ಹಚ್ಚಿ ಎಲ್ಲವನ್ನೂ ಸೇರಿಸಿದ ಮೇಲೆ ಬಾಸನ್ನು ಗಡಿಯಾರದ ದಿಕ್ಕಿಗೆ ಒತ್ತಿ, ಕೀಯನ್ನು ಆ ಉಳಿದ ಗೋಡೆಗೆ ಆನಿಸಿ ಹಿಡಿದು ಬೋಲ್ಟ್ ಬಿಗಿಯಬೇಕು. ಎರಡೂ ಗೋಡೆ ಸವೆದಿದ್ದರೆ ಅಂದಾಜು ಬೇಡ: ಒಂದನೇ ಸಿಲಿಂಡರಿನ ಪ್ಲಗ್ ಬಿಚ್ಚಿ ಡಯಲ್ ಗೇಜಿನಿಂದ ಪಿಸ್ಟನ್ ಮೇಲ್ತುದಿ ಹುಡುಕಿ, ಅದಕ್ಕೆ ಪುಲ್ಲಿಯ ಗುರುತು ಹೊಂದಿಸಿಕೊಳ್ಳಿ.

ಡಯಲ್ ಗೇಜ್ ಬೇಕೆನ್ನುವುದಕ್ಕೆ ಇನ್ನೊಂದು ಕಾರಣವಿದೆ. ಪುಲ್ಲಿಯ ಗುರುತು ಬಾಸ್ ಜೊತೆಗೇ ಸರಿಯುತ್ತದೆ. ಇಗ್ನಿಷನ್ನಿಗೆ ಸೂಚನೆ ಕೊಡುವ ಸೆನ್ಸಾರ್ ವಾಲ್ವು ತೆರೆಯುವ ಕ್ಯಾಮ್‌ಶಾಫ್ಟಿನ ಹಿಂದೆ ಕೂತಿದೆ, ಕ್ಯಾಮನ್ನು ತಿರುಗಿಸುವುದು ಸಡಿಲಾದ ಅದೇ ಹಲ್ಲಿನ ಗಾಲಿ. ಗಾಲಿ, ಬಾಸ್ ಎರಡೂ ಒಟ್ಟಿಗೆ ಹಿಂದೆ ಸರಿದರೆ ಟೈಮಿಂಗ್ ಲೈಟ್ ಪಿಸ್ಟನ್ ಮೇಲ್ತುದಿಗೆ 10 ಡಿಗ್ರಿ ಮುಂಚೆ ಎಂದೇ ತೋರಿಸುತ್ತಿರುತ್ತದೆ, ಕಾರಿಗೆ ಮಾತ್ರ ಏರು ಹತ್ತಲು ಉಸಿರಿಲ್ಲ. ಮೂತಿಯ ತ್ರಿಜ್ಯ 15 ಮಿ.ಮೀ. ಎಂದಿಟ್ಟುಕೊಂಡರೆ 1 ಮಿ.ಮೀ. ಸಡಿಲಕ್ಕೆ ಸುಮಾರು 4 ಡಿಗ್ರಿ ತಪ್ಪು. ಪ್ಲಗ್ಗು, ವೈರು, ಫ್ಯುಯೆಲ್ ಪಂಪು ಎಲ್ಲ ಬದಲಿಸಿ ಸುಸ್ತಾದವರು ಕೊನೆಗೆ ಬಂದು ನಿಲ್ಲುವುದು ಇಲ್ಲಿಗೇ. ಒಂದು ಸಮಾಧಾನ: ಈ 1.6ರಲ್ಲಿ ವಾಲ್ವು ಪಿಸ್ಟನ್ನಿಗೆ ತಾಗುವುದಿಲ್ಲ, ಕೀ ಪೂರ್ತಿ ತುಂಡಾದರೂ ಹೆಡ್ ಉಳಿಯುತ್ತದೆ.

ಬೋಲ್ಟು ಹೊಸದೇ ಆಗಿರಲಿ. ಗಿಡ್ಡ ಮೂತಿಗೆ ಟಾರ್ಕು 108ರಿಂದ 118 ನ್ಯೂಟನ್ ಮೀಟರ್, ಅಂದರೆ 80ರಿಂದ 87 ಅಡಿ-ಪೌಂಡ್. ಉದ್ದ ಮೂತಿಯ ಅಂಕಿ 157ರಿಂದ 167. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಾಕಿದರೆ ಮತ್ತೊಂದು ರಿಪೇರಿ ಕಾದಿರುತ್ತದೆ. ಪೇಸ್ಟು ಹಸಿಯಿರುವಾಗಲೇ ಪೂರ್ತಿ ಬಿಗಿದು, 24 ಗಂಟೆ ಎಂಜಿನ್ ಮುಟ್ಟಬಾರದು. ಬೋಲ್ಟಿನ ತಿರುಪಿನ ಗೆರೆಗಳಿಗೆ ಪೇಸ್ಟು ತಾಗಿದರೆ ಜಾರಿ, ರೆಂಚಿನ ಅಂಕಿ ಸುಳ್ಳಾಗುತ್ತದೆ, ಅಲ್ಲಿ ಒರೆಸಿಬಿಡಿ. ಮುಂದೆಂದಾದರೂ ಬಾಸ್ ಬಿಚ್ಚಬೇಕಾದರೆ ಸುಮಾರು 250 ಡಿಗ್ರಿ ಬಿಸಿ ಕೊಡಬೇಕಾಗುತ್ತದೆ, ಆಗ ಸೀಲು ಹೋಯಿತೆಂದೇ ಲೆಕ್ಕ. ಈ ದಾರಿಯ ದೊಡ್ಡ ತೊಡಕು ಅದೊಂದೇ. ಸಂದು ಅರ್ಧ ಮಿಲಿಮೀಟರಿನೊಳಗಿದ್ದರೆ ಉಳಿದ ಮೂರಕ್ಕಿಂತ ಇದೇ ಮೇಲು.

ಲೇತ್ ದಾರಿಯಲ್ಲಿ ಎರಡು ಬಗೆ. ಗಾಡಿಯನ್ನು ಸ್ವಲ್ಪ ಅಗಲಗೊಳಿಸಿ, ಕೆಳಗೆ ಅಗಲ ಮೇಲೆ ಮಾಮೂಲಿ ಅಳತೆಯಿರುವ ಮೆಟ್ಟಿಲಿನಂಥ ಕೀ ಮಾಡಿಸುವುದು ಒಂದು. ಕಾರಿನಲ್ಲೇ ಕೈಯರದಿಂದ ಗಾಡಿ ಕೊರೆದರೆ ಗೋಡೆಗಳು ಓರೆಯಾಗಿ, ಕೀ ಒಂದು ಗೆರೆಯ ಮೇಲಷ್ಟೇ ತಾಗಿ ಮತ್ತೆ ಜಜ್ಜುತ್ತದೆ. ಕ್ರ್ಯಾಂಕನ್ನು ಹೊರತೆಗೆದು ಮಿಲ್ಲಿಂಗ್ ಯಂತ್ರದಲ್ಲಿ ಮಾಡಿಸಿದರೆ ಚೆನ್ನಾಗಿರುತ್ತದೆ. ಇನ್ನೊಂದು ಬಗೆ, ಮೂತಿಗೆ ವೆಲ್ಡ್ ತುಂಬಿ, ಉಜ್ಜಿ, ಹೊಸ ಗಾಡಿ ಕೊರೆಯುವುದು. ಶಾಖಕ್ಕೆ ಮೂತಿ ಬಾಗುತ್ತದೆ; ಬಾಗು ತೆಗೆಯದಿದ್ದರೆ ಹೊಸ ಪುಲ್ಲಿಯೂ ವಾಲಾಡುತ್ತದೆ. ಎರಡಕ್ಕೂ ಎಂಜಿನ್ ಇಳಿಸಿ ಬಿಚ್ಚಬೇಕು, ಬೇರಿಂಗ್ ಅಳೆಯಬೇಕು. ಎಂಜಿನ್ ಹೇಗಿದ್ದರೂ ರೀಬೋರಿಗೆ ಬಂದಿದ್ದರೆ ಮಾಡಿಸಿ. ಬರೀ ಕೀಗಾಗಿ ಇಷ್ಟೆಲ್ಲ ಮಾಡಿಸುವುದು ಇಲಿ ಹಿಡಿಯಲು ಬೆಟ್ಟ ಅಗೆದಂತೆ.

ನಾಲ್ಕನೆಯದಕ್ಕೆ ಹೆಚ್ಚು ಮಾತು ಬೇಡ. ಉದ್ದ ಮೂತಿಯ ಕ್ರ್ಯಾಂಕ್ ಒಂದನ್ನೇ ತಂದರೆ ಜೊತೆಗೆ ಅದರದ್ದೇ ಹಲ್ಲಿನ ಗಾಲಿ, ಬಾಸ್, ಬೋಲ್ಟು ಬೇಕು, ಹಳೆಯವು ಕೂರುವುದಿಲ್ಲ. ಅಷ್ಟು ಬಿಚ್ಚುವುದಾದರೆ 1992 ಅಥವಾ 1993ರ ಇಡೀ 1.6 ಎಂಜಿನ್ ಹುಡುಕುವುದೇ ಲೇಸು, ವೈರಿಂಗ್ ಕೆದಕದೆ ಕೂರುತ್ತದೆ. ಗಾಡಿಯ ಗೋಡೆ ಮಿಲಿಮೀಟರಿನಷ್ಟು ಹೋಗಿದ್ದರೆ, ಅಥವಾ ಬಾಸ್ ಕೂರುವ ಮೂತಿಯೇ ಅಂಡಾಕಾರವಾಗಿದ್ದರೆ, ನೇರ ಇಲ್ಲಿಗೇ ಬನ್ನಿ. ಟರ್ಬೊ ಹಾಕುವ ಯೋಚನೆಯಿದ್ದರೂ ಅಷ್ಟೇ.

ಯಾವುದೇ ದಾರಿ ಹಿಡಿದರೂ ಟೈಮಿಂಗ್ ಬೆಲ್ಟು ಹಾಕುವಾಗ ಎರಡು ಕ್ಯಾಮ್ ಗಾಲಿಗಳ ಗುರುತುಗಳ ನಡುವೆ 19 ಹಲ್ಲು ಎಣಿಸಿ. ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ಮತ್ತೆ ಎಣಿಸಿ. ಕೊನೆಗೆ ಬೋಲ್ಟಿನ ತಲೆಯಿಂದ ಬಾಸ್‌ಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದಿಡಿ. ಪ್ರತಿ ಸಲ ಎಣ್ಣೆ ಬದಲಿಸುವಾಗ ಟಾರ್ಚ್ ಹಿಡಿದು ನೋಡಿ: ಗೆರೆ ಮುರಿದಿದ್ದರೆ ಬೋಲ್ಟು ಸಡಿಲಾಗಿದೆ, ಕಾರನ್ನು ಅಲ್ಲೇ ನಿಲ್ಲಿಸಿ ಬಿಚ್ಚಿ.