ಹೊಸೂರಿನಿಂದ ಚಿಕ್ಕಪೇಟೆಗೆ: ಹಳದಿ ಮೆಟ್ರೊ ಮಾರ್ಗದ ದಿನನಿತ್ಯದ ಬಳಕೆ ಕುರಿತು ಒಂದು ವಿಮರ್ಶೆ

ತಮಿಳುನಾಡಿನ ಗಡಿಯ ಊರಾದ ಹೊಸೂರಿನಲ್ಲಿ ಮನೆ, ಬೆಂಗಳೂರಿನಲ್ಲಿ ಕೆಲಸ ಎಂದು ಬದುಕುತ್ತಿರುವ ನಮ್ಮಂಥವರಿಗೆ ನಮ್ಮ ಮೆಟ್ರೊದ ಹಳದಿ ಮಾರ್ಗ ಎಷ್ಟು ನೆರವಾಗಿದೆ ಮತ್ತು ಎಲ್ಲಿ ಕೈಬಿಡುತ್ತದೆ ಎಂಬುದನ್ನು, ಅದು ಆರಂಭವಾದಂದಿನಿಂದ ಕೆಲಸದ ದಿನಗಳಲ್ಲೆಲ್ಲ ಅದನ್ನೇ ನಂಬಿಕೊಂಡಿರುವ ಪ್ರಯಾಣಿಕನಾಗಿ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಮನೆ ಹೊಸೂರಿನ ತಳಿ ರಸ್ತೆಯ ಕಡೆಗಿದೆ. ನಾನು ಚಿಕ್ಕಪೇಟೆಯ ಸಗಟು ಬಟ್ಟೆ ಅಂಗಡಿಯೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಬೊಮ್ಮಸಂದ್ರದವರೆಗೆ ಬಸ್ಸು, ಅಲ್ಲಿಂದ ಆರ್.ವಿ. ರಸ್ತೆಯವರೆಗೆ ಹಳದಿ ಮಾರ್ಗ, ಆರ್.ವಿ. ರಸ್ತೆಯಿಂದ ಚಿಕ್ಕಪೇಟೆಯ ನೆಲದಡಿಯ ನಿಲ್ದಾಣಕ್ಕೆ ಹಸಿರು ಮಾರ್ಗ: ಇದು ನನ್ನ ದಾರಿ.

ಈ ಸೇವೆಯ ಬೆಲೆ ಅರಿಯಬೇಕಾದರೆ ಹೊಸೂರು ರಸ್ತೆಯ ಹಿಂದಿನ ಸ್ಥಿತಿಯನ್ನು ತಿಳಿದಿರಬೇಕು. ಎಲೆಕ್ಟ್ರಾನಿಕ್ ಸಿಟಿಗೆ ಸುಮಾರು 10 ಕಿ.ಮೀ. ಉದ್ದದ ಮೇಲ್ಸೇತುವೆ ರಸ್ತೆ 2010ರಲ್ಲಿ ತೆರೆದಾಗ ನಮ್ಮ ಕಷ್ಟ ಮುಗಿಯಿತೆಂದು ಎಲ್ಲರೂ ಭಾವಿಸಿದ್ದರು. ಸುಂಕ ತೆತ್ತು ಬೊಮ್ಮನಹಳ್ಳಿ, ಕೂಡ್ಲು ಗೇಟುಗಳನ್ನು ಮೇಲಿನಿಂದಲೇ ದಾಟಿ ಬಂದ ವಾಹನಗಳೆಲ್ಲ ಕೊನೆಗೆ ಸಿಲ್ಕ್ ಬೋರ್ಡ್ ವೃತ್ತದಲ್ಲೇ ಬಂದಿಳಿಯಬೇಕಾಗಿದ್ದರಿಂದ, ಅಲ್ಲಿಯವರೆಗೆ ಉಳಿಸಿದ ಸಮಯವನ್ನು ಅಲ್ಲಿ ನಿಂತು ಕಳೆಯಬೇಕಾಯಿತು. ಪ್ರಯಾಣ ದೀರ್ಘವಾಗಿದ್ದುದಕ್ಕಿಂತ, ಅದು ಎಷ್ಟು ದೀರ್ಘವಾಗಲಿದೆ ಎಂಬುದು ಮೊದಲೇ ತಿಳಿಯದಿದ್ದುದು ಹೆಚ್ಚು ಹಿಂಸೆಯಾಗಿತ್ತು. ಮಳೆ ಬಂದ ಸಂಜೆ ಮನೆ ಸೇರುವ ಹೊತ್ತನ್ನು ಯಾರೂ ಹೇಳಲಾಗುತ್ತಿರಲಿಲ್ಲ.

ಹಳದಿ ಮಾರ್ಗ ಬದಲಿಸಿರುವುದು ಈ ಅನಿಶ್ಚಿತತೆಯನ್ನು. 2025ರ ಆಗಸ್ಟ್ 10ರಂದು ಉದ್ಘಾಟನೆಗೊಂಡ, ಸುಮಾರು 19 ಕಿ.ಮೀ. ಉದ್ದದ, 16 ನಿಲ್ದಾಣಗಳ ಈ ಮಾರ್ಗ ಉದ್ದಕ್ಕೂ ಕಂಬಗಳ ಮೇಲೆಯೇ ಸಾಗುತ್ತದೆ. ಕೆಳಗೆ ರಸ್ತೆ ಕಟ್ಟಿಕೊಂಡು ನಿಂತಿರಲಿ, ಮಳೆ ಸುರಿಯುತ್ತಿರಲಿ, ಬೊಮ್ಮಸಂದ್ರದಲ್ಲಿ ಹತ್ತಿದವನು ಆರ್.ವಿ. ರಸ್ತೆಯಲ್ಲಿ ಎಷ್ಟು ಹೊತ್ತಿಗೆ ಇಳಿಯುತ್ತೇನೆಂದು ಅಂಗಡಿಗೆ ಮೊದಲೇ ಹೇಳಿಡಬಹುದು. ನನ್ನ ಮಟ್ಟಿಗೆ ವೇಗಕ್ಕಿಂತ ಈ ಭರವಸೆಯೇ ದೊಡ್ಡದು. ಲೆಕ್ಕ ಬರೆಯುವ ಕೆಲಸಕ್ಕೆ ಬೇಕಾದ ಸಮಾಧಾನದ ಮನಸ್ಸು ಬೆಳಿಗ್ಗೆಯೇ ರಸ್ತೆಯಲ್ಲಿ ಖರ್ಚಾಗಿಹೋಗುವುದಿಲ್ಲ.

ಆರಂಭದ ದಿನಗಳ ಕೊರತೆಯನ್ನೂ ದಾಖಲಿಸಬೇಕು. ಆಗ ಓಡುತ್ತಿದ್ದುದು ಮೂರೇ ರೈಲು. ಒಂದು ತಪ್ಪಿದರೆ ಮತ್ತೊಂದಕ್ಕೆ ಸುಮಾರು 25 ನಿಮಿಷ ಕಾಯಬೇಕಿತ್ತು. ಕಾರಣ ಹಳಿಗಳಲ್ಲಿರಲಿಲ್ಲ, ಬೋಗಿಗಳಲ್ಲಿತ್ತು. ಬೋಗಿಗಳ ಗುತ್ತಿಗೆ ಪಡೆದ ಚೀನಾದ ಸಿಆರ್‌ಆರ್‌ಸಿ ಸಂಸ್ಥೆಯಿಂದ ಮೊದಲ ರೈಲು ಬೆಂಗಳೂರು ತಲುಪಿದ್ದೇ 2024ರ ಫೆಬ್ರುವರಿಯಲ್ಲಿ. ಉಳಿದವನ್ನು ಪಶ್ಚಿಮ ಬಂಗಾಳದ ಟೀಟಾಗಢ ಕಾರ್ಖಾನೆಯಲ್ಲಿ ತಯಾರಿಸಿ ಒಂದೊಂದಾಗಿ ಕಳುಹಿಸಬೇಕಾಗಿತ್ತು. ರೈಲುಗಳು ಸೇರಿದಂತೆಲ್ಲ ಕಾಯುವ ಹೊತ್ತು ಇಳಿಯುತ್ತ ಬಂದಿದೆ. ಕೋಟ್ಯಂತರ ರೂಪಾಯಿ ವೆಚ್ಚದ ಮಾರ್ಗ ಕಟ್ಟಿ, ಅದರ ಮೇಲೆ ಓಡಿಸಲು ರೈಲಿಲ್ಲದೆ ಕಾಯುವಂತಾದುದು ಯೋಜನೆಯ ದೊಡ್ಡ ಲೋಪವೆಂದೇ ನಾನು ತಿಳಿಯುತ್ತೇನೆ. ಮುಂದಿನ ಮಾರ್ಗಗಳಲ್ಲಿ ಇದು ಮರುಕಳಿಸಬಾರದು.

ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಗುವುದು ಮೊದಮೊದಲು ಹೊಸಬರಿಗೆ ತಬ್ಬಿಬ್ಬು ಮಾಡಿದರೂ ಬೇಗ ರೂಢಿಯಾಗುತ್ತದೆ. ವಯಸ್ಸಾದವರು ಜನಸಂದಣಿ ಕರಗುವವರೆಗೆ ನಿಂತು, ಲಿಫ್ಟಿನಲ್ಲಿ ಹೋಗುವುದು ಒಳ್ಳೆಯದು. ಜಯದೇವ ನಿಲ್ದಾಣದಲ್ಲಿ ಕಾಳೇನ ಅಗ್ರಹಾರ–ನಾಗವಾರ ನಡುವಿನ ಗುಲಾಬಿ ಮಾರ್ಗವೂ ಸಿಲ್ಕ್ ಬೋರ್ಡಿನಲ್ಲಿ ವಿಮಾನ ನಿಲ್ದಾಣದ ಕಡೆಯ ನೀಲಿ ಮಾರ್ಗವೂ ಕೂಡುವಂತೆ ಯೋಜಿಸಲಾಗಿದೆ. ಅವು ಬೆಸೆದುಕೊಂಡಾಗ ಆರ್.ವಿ. ರಸ್ತೆಯ ಮೇಲಿನ ಹೊರೆ ಇಳಿಯಬೇಕು.

ದರದ ವಿಷಯ ಹಗುರವಲ್ಲ. 2025ರ ಫೆಬ್ರುವರಿ 9ರಿಂದ ಜಾರಿಗೆ ಬಂದ ಪರಿಷ್ಕರಣೆಯಲ್ಲಿ ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಏರಿತು. ದೂರ ಹೋಗುವವನೇ ಹೆಚ್ಚು ತೆರುವುದು ಲೆಕ್ಕಕ್ಕೆ ಸರಿಯೆನಿಸಬಹುದು. ಆದರೆ ನಗರದ ಅಂಚಿಗೆ ಸರಿದವರು ಅಲ್ಲಿಗೆ ಹೋದದ್ದು ಒಳಗಿನ ಬಾಡಿಗೆ ಕಟ್ಟಲಾಗದೆ ಎಂಬುದನ್ನು ದರ ನಿಗದಿ ಮಾಡುವವರು ನೆನಪಿಡಬೇಕು. ಸ್ಮಾರ್ಟ್ ಕಾರ್ಡಿಗೆ ಶೇ 5ರ ರಿಯಾಯಿತಿಯಿದೆ. ದಟ್ಟಣೆಯಿಲ್ಲದ ಹೊತ್ತಿನಲ್ಲಿ ಇನ್ನೂ ಶೇ 5 ಎಂದಿದ್ದರೂ ಕೆಲಸದ ಹೊತ್ತಿಗೇ ಓಡಾಡುವವರಿಗೆ ಅದು ದಕ್ಕುವುದಿಲ್ಲ. ಮಹಿಳೆಯರ ಸ್ಥಿತಿ ಗಡಿಯಲ್ಲಿ ಇನ್ನೂ ವಿಚಿತ್ರವಾಗಿದೆ. ನನ್ನ ಹೆಂಡತಿ ಹೊಸೂರಿನ ಟೌನ್ ಬಸ್ಸಿನಲ್ಲಿ, 2021ರ ಮೇ ತಿಂಗಳಿನಿಂದ ತಮಿಳುನಾಡು ಸರ್ಕಾರ ಒದಗಿಸಿರುವ ಸೌಲಭ್ಯದಂತೆ, ಉಚಿತವಾಗಿ ಪ್ರಯಾಣಿಸುತ್ತಾಳೆ. ಜೂಜುವಾಡಿ ದಾಟಿ ಅತ್ತಿಬೆಲೆಗೆ ಕಾಲಿಟ್ಟ ಮೇಲೆ ಕರ್ನಾಟಕದ 2023ರ ಶಕ್ತಿ ಯೋಜನೆ ಅವಳಿಗೆ ಅನ್ವಯಿಸುವುದಿಲ್ಲ, ಏಕೆಂದರೆ ಅದಕ್ಕೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ಮೆಟ್ರೊದಲ್ಲಿ ಎಲ್ಲರಿಗೂ ಒಂದೇ ದರ. ಅಲ್ಲಿ ನೀನು ಯಾವ ರಾಜ್ಯದವಳೆಂದು ಯಾರೂ ಕೇಳುವುದಿಲ್ಲವಲ್ಲ ಎಂದು ಅವಳು ಅದನ್ನೇ ಮೆಚ್ಚುತ್ತಾಳೆ. ಊರಿನ ಬಸ್ಸುಗಳ ಫಲಕವನ್ನೆಲ್ಲ ತಮಿಳಿನಲ್ಲಿ ಓದಿ ಹೊರಡುವ ನಮಗೆ, ನಿಲ್ದಾಣದ ಹೆಸರುಗಳನ್ನು ಕನ್ನಡದಲ್ಲಿ ಓದುವುದೂ ಕೇಳುವುದೂ ಪ್ರತಿದಿನ ಸಂತೋಷ ಕೊಡುತ್ತದೆ.

ಈ ಮಾರ್ಗ ಬರುವ ಮೊದಲು ಬಸವನಗುಡಿ ಇಲ್ಲವೇ ಜಯನಗರದ ಕಡೆ ಬಾಡಿಗೆ ಮನೆ ಮಾಡಿಬಿಡೋಣವೆಂದು ನಮ್ಮ ಮನೆಯಲ್ಲಿ ಬಹಳ ಚರ್ಚೆಯಾಗಿತ್ತು. ನಗರದ ನಡುವೆ ಬಾಳುವುದರ ಲಾಭ ನನಗೆ ಚೆನ್ನಾಗಿ ಗೊತ್ತು. ನನ್ನ ಸಹೋದ್ಯೋಗಿಯೊಬ್ಬರು ನ್ಯಾಷನಲ್ ಕಾಲೇಜು ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿದ್ದಾರೆ. ಅವರ ಮನೆಯಲ್ಲಿ ವಾಹನವೇ ಇಲ್ಲ. ತರಕಾರಿ, ಔಷಧಿ, ಮಕ್ಕಳ ಶಾಲೆ, ಲಾಲ್‌ಬಾಗಿನ ಮುಂಜಾನೆಯ ನಡಿಗೆ ಎಲ್ಲವೂ ಕಾಲಳತೆಯಲ್ಲಿವೆ. ಕೆಂಪೇಗೌಡರ ಕಾಲದ ಪೇಟೆ ಬೀದಿಗಳು ಕಾರಿಗಾಗಿ ಹುಟ್ಟಿದವಲ್ಲ. ಅಂಗಡಿ ಕೆಳಗೆ, ಮನೆ ಮೇಲೆ ಎಂಬ ಹಳೆಯ ಕ್ರಮದಲ್ಲಿ ಬೆಳೆದ ಅಂಥ ಜಾಗಕ್ಕೆ 2017ರಲ್ಲಿ ನೆಲದಡಿಯಿಂದ ಬಂದ ಮೆಟ್ರೊ ಹೊಂದಿಕೊಂಡಷ್ಟು ಯಾವ ಮೇಲ್ಸೇತುವೆಯೂ ಹೊಂದುತ್ತಿರಲಿಲ್ಲ. ಚಿಕ್ಕಪೇಟೆಗೆ ಗಿರಾಕಿಗಳು ಈಗ ವಾಹನ ನಿಲ್ಲಿಸುವ ಚಿಂತೆಯಿಲ್ಲದೆ ಬರುತ್ತಾರೆ. ಆದರೆ ನಿಲ್ದಾಣದಿಂದ ಮೇಲೆ ಬಂದ ಕ್ಷಣವೇ ಕೈಗಾಡಿ, ದ್ವಿಚಕ್ರ ವಾಹನ, ಮೂಟೆಗಳ ನಡುವೆ ಪಾದಚಾರಿಗೆ ದಾರಿಯಿಲ್ಲ. ಇಷ್ಟು ಜನರನ್ನು ತಂದಿಳಿಸುವ ನಗರ ಅವರು ನಡೆಯುವ ಜಾಗಕ್ಕೂ ಅಷ್ಟೇ ಕಾಳಜಿ ತೋರಿಸಬೇಕು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ಬೆಂಗಳೂರಿನ ಹಳೆಯ ಪದ್ಧತಿಯನ್ನೂ ತಿಂಗಳ ಬಾಡಿಗೆಯನ್ನೂ ಮೆಟ್ರೊ ಖರ್ಚಿನ ಎದುರು ಇಟ್ಟು ನೋಡಿದ ಮೇಲೆ ನಾವು ಹೊಸೂರಿನ ಸ್ವಂತ ಮನೆಯಲ್ಲೇ ಉಳಿದೆವು. ರಾತ್ರಿ ತಡವಾಗಿ ಕೆಲಸ ಮುಗಿಯುವವರಿಗೆ ಮಾತ್ರ ಇಂದಿಗೂ ಒಳನಗರದ ಮನೆಯೇ ಮೇಲೆಂದು ಹೇಳುತ್ತೇನೆ.

ಹಾಗೆ ಹೇಳಲು ಕಾರಣ ಬೊಮ್ಮಸಂದ್ರದಿಂದ ಆಚೆಗಿನ ದಾರಿ. ಹೊಸೂರಿಗೆ ಉಳಿದಿರುವುದು ಹದಿನೈದು ಕಿಲೋಮೀಟರಿನ ಆಸುಪಾಸು. ಮೆಟ್ರೊ ಕೊಟ್ಟ ನಿಶ್ಚಿತತೆಯನ್ನು ಚಂದಾಪುರದ ಜಂಕ್ಷನ್ ಮತ್ತು ಅತ್ತಿಬೆಲೆಯ ಗಡಿ ಮತ್ತೆ ಕಸಿದುಕೊಳ್ಳುತ್ತವೆ. ದೂರದ ಊರಿನ ಬಸ್ಸುಗಳು ಎಲ್ಲವೂ ಬೊಮ್ಮಸಂದ್ರದಲ್ಲಿ ನಿಲ್ಲುವುದಿಲ್ಲ. ನಿಲ್ಲುವ ಬಸ್ಸಿನ ಹೊತ್ತಿಗೂ ರೈಲಿನ ಹೊತ್ತಿಗೂ ಹೊಂದಾಣಿಕೆಯಿಲ್ಲ. ಈ ಮಾರ್ಗವನ್ನು ಹೊಸೂರಿಗೆ ಮುಂದುವರಿಸುವ ಪ್ರಸ್ತಾಪವನ್ನು ಚೆನ್ನೈ ಮೆಟ್ರೊ ಸಂಸ್ಥೆ ಅಧ್ಯಯನ ಮಾಡಿಸಿದೆ. ತೊಡಕೆಂದು ಮುಂದಿಟ್ಟದ್ದು ವಿದ್ಯುತ್ ವ್ಯವಸ್ಥೆಯ ವ್ಯತ್ಯಾಸ: ಹಳದಿ ಮಾರ್ಗದ ರೈಲುಗಳು ಹಳಿಯ ಪಕ್ಕದ ಮೂರನೇ ಹಳಿಯಿಂದ 750 ವೋಲ್ಟ್ ನೇರ ವಿದ್ಯುತ್ ಪಡೆಯುತ್ತವೆ, ಹೊಸೂರಿನ ಕಡೆಗೆ ಯೋಚಿಸಿದ್ದು ಮೇಲ್ತಂತಿಯ 25 ಕಿಲೋವೋಲ್ಟ್ ಪರ್ಯಾಯ ವಿದ್ಯುತ್. ಒಂದೇ ರೈಲು ಎರಡೂ ಕಡೆ ಓಡಲಾಗದೆಂಬುದನ್ನು ಒಪ್ಪುತ್ತೇನೆ. ಆದರೆ ಒಂದೇ ರೈಲು ಬೇಕೆಂದು ಪ್ರಯಾಣಿಕರಾದ ನಾವು ಹಟ ಹಿಡಿದಿಲ್ಲ. ಆರ್.ವಿ. ರಸ್ತೆಯಲ್ಲಿ ದಿನವೂ ರೈಲು ಬದಲಿಸುವವರು ಬೊಮ್ಮಸಂದ್ರದಲ್ಲಿ ಮತ್ತೊಮ್ಮೆ ಬದಲಿಸಲಾರರೇ? ಪಕ್ಕಪಕ್ಕದ ಪ್ಲಾಟ್‌ಫಾರ್ಮ್ ಇದ್ದರೆ ಸಾಕು. ಅದಾಗುವವರೆಗೆ ಎರಡು ರಾಜ್ಯಗಳ ಸಾರಿಗೆ ಅಧಿಕಾರಿಗಳು ಕೂತು, ಹೊಸೂರು ಬಸ್ ನಿಲ್ದಾಣದಿಂದ ಬೊಮ್ಮಸಂದ್ರ ನಿಲ್ದಾಣದ ಬಾಗಿಲಿಗೇ, ಬೆಳಿಗ್ಗೆ ಮತ್ತು ಸಂಜೆ ನಿಗದಿತ ಹೊತ್ತಿಗೆ ಬಸ್ಸು ಬಿಡಲು ಒಪ್ಪಿಕೊಳ್ಳಬೇಕು. ಇದಕ್ಕೆ ಕಂಬ ನಿಲ್ಲಿಸಬೇಕಿಲ್ಲ, ಭೂಮಿ ಕೊಳ್ಳಬೇಕಿಲ್ಲ.

ಹೊಸೂರಿನಲ್ಲಿ ಮನೆ ಹುಡುಕುತ್ತ ಈ ಮಾರ್ಗವನ್ನು ನೆಚ್ಚಲು ಹೊರಟಿರುವವರು ಮೊದಲು ತಮ್ಮ ಕೆಲಸದ ಜಾಗ ಎಲ್ಲಿದೆಯೆಂದು ನೋಡಿಕೊಳ್ಳಲಿ. ಬೆಳ್ಳಂದೂರು, ಕಾರ್ಮೆಲರಾಂ, ಬೈಯಪ್ಪನಹಳ್ಳಿಯ ಕಡೆ ಕೆಲಸವಿದ್ದರೆ ಆನೇಕಲ್ ರಸ್ತೆ, ಹೀಲಲಿಗೆ ನಿಲ್ದಾಣಗಳ ಮೂಲಕ ಹೋಗುವ ರೈಲ್ವೆಯ ಲೋಕಲ್ ರೈಲೇ ಅಗ್ಗ ಮತ್ತು ನೇರ. ಅಂಥವರು ಹೊಸೂರು ರೈಲು ನಿಲ್ದಾಣದ ಬಳಿ ಮನೆ ನೋಡಬೇಕು. ಎಲೆಕ್ಟ್ರಾನಿಕ್ ಸಿಟಿ, ಬಿಟಿಎಂ, ಜಯನಗರ, ಪೇಟೆಗಳಿಗೆ ಹೋಗುವವರು ಹೆದ್ದಾರಿಯ ಪಕ್ಕದ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ, ಜೂಜುವಾಡಿಗಳ ಕಡೆ ಮನೆ ಹಿಡಿದರೆ ಒಂದು ಬಸ್ಸು ಹತ್ತುವ ಶ್ರಮ ಉಳಿಯುತ್ತದೆ.